ನಳ ಬಂದ ದಿನ: ಕುಡಿಯುವ ನೀರು ಮನೆಯಲ್ಲೇ ಕೆಡದಂತೆ ನೋಡಿಕೊಳ್ಳುವುದು ಹೇಗೆ?

“ನಳಾ ಬಂತ್ರೀ” ಎಂದು ಓಣಿಯ ಆ ತುದಿಯಿಂದ ಒಬ್ಬರು ಕೂಗಿದರೆ ಸಾಕು, ಗದಗ-ಬೆಟಗೇರಿಯಲ್ಲಿ ಒಲೆಯ ಮೇಲಿನ ಪಲ್ಯ ಸೀದರೂ ಯಾರಿಗೂ ಚಿಂತೆಯಿಲ್ಲ. ಮುಂದಿನ ಸರದಿ ಯಾವಾಗಲೋ! ವಾರ ಆಗಬಹುದು, ಬೇಸಿಗೆಯಾದರೆ ಅದಕ್ಕೂ ಹೆಚ್ಚು. ಕೊಡ, ಬ್ಯಾರೆಲ್, ಸಿಂಟೆಕ್ಸ್, ಸಂಪು, ಕೊನೆಗೆ ಅಡುಗೆಮನೆಯ ಪಾತೇಲಿಗಳೂ ತುಂಬುತ್ತವೆ. ನೀರು ತುಂಬುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತುಂಬಿದ್ದು ಎಂಟನೆಯ ದಿನಕ್ಕೂ ಕುಡಿಯಲು ಯೋಗ್ಯವಾಗಿ ಉಳಿಯುವುದೇ ಕಷ್ಟದ ಕೆಲಸ.

ಮನೆಯಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೆ ನಾವು ಬೈಯುವುದು ಹೊಳೆಯನ್ನು. ಗದಗಿಗೆ ಹಮ್ಮಿಗಿ ಬ್ಯಾರೇಜಿನ ತುಂಗಭದ್ರೆ, ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ರೇಣುಕಾಸಾಗರ, ಹಾವೇರಿಗೆ ಮತ್ತೆ ತುಂಗಭದ್ರೆ. ಆ ನೀರನ್ನು ಘಟಕದಲ್ಲಿ ಸೋಸಿ, ಕ್ಲೋರಿನ್ ಹಾಕಿಯೇ ಊರಿಗೆ ಬಿಡುವುದು. ಕೆಡುವುದು ಹೆಚ್ಚಾಗಿ ಅಲ್ಲಿಂದ ಈಚೆಗೆ. ಇದಕ್ಕೆ ನಮ್ಮ ಕಡೆಯದೇ ಸಾಕ್ಷಿ ಇದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ತಾಸೂ ನೀರು ಬರತೊಡಗಿತು; ಉಳಿದ ವಾರ್ಡುಗಳಿಗೆ ಹಳೆಯಂತೆ ದಿನ ಎಣಿಸುವುದೇ ಗತಿಯಾಗಿತ್ತು. ಒಂದೇ ಊರು, ಎರಡು ಪದ್ಧತಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಳದ ನೀರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸತತ ನೀರು ಬರುವಲ್ಲಿ ಮಲದ ಸೋಂಕಿನ ಗುರುತಾದ ಇ. ಕೊಲೈ ಬ್ಯಾಕ್ಟೀರಿಯಾ ಸಿಕ್ಕಿದ್ದು ನೂರರಲ್ಲಿ ಒಂದು ಮಾದರಿಗಿಂತಲೂ ಕಡಿಮೆ. ಬಿಟ್ಟು ಬಿಟ್ಟು ಬರುವಲ್ಲಿ ನೂರಕ್ಕೆ ಸುಮಾರು 32. ಇನ್ನೊಂದು ಸಂಗತಿಯನ್ನು ನಾವು ಗಮನಿಸಲೇಬೇಕು: ಎರಡೂ ಕಡೆ ನಳದ ನೀರಿಗಿಂತ ಮನೆಯೊಳಗೆ ತುಂಬಿಟ್ಟ ನೀರೇ ಹೆಚ್ಚು ಕೆಟ್ಟಿತ್ತು.

ಅಂದರೆ ಸಾವಿರಾರು ರೂಪಾಯಿಯ ಯಂತ್ರ ಗೋಡೆಗೆ ಹೊಡೆಸುವ ಮೊದಲು ಪೈಪು, ಸಂಪು, ಕೊಡ, ಕೈ ಇವಿಷ್ಟನ್ನು ನೋಡಿಕೊಳ್ಳಬೇಕು.

1. ಮೊದಲ ನೀರು ಕುಡಿಯಲಿಕ್ಕಲ್ಲ

ನೀರು ನಿಂತ ದಿನಗಳಲ್ಲಿ ಪೈಪು ಖಾಲಿ ಇರುತ್ತದೆ. ಒಳಗೆ ಒತ್ತಡವಿಲ್ಲದ ಪೈಪಿಗೆ ಎಲ್ಲಾದರೂ ಸಣ್ಣ ಬಿರುಕಿದ್ದರೆ ಸುತ್ತಲಿನ ಕೊಳೆ ಒಳಗೆ ಇಳಿಯುತ್ತದೆ. ಹಳೆಯ ಓಣಿಗಳಲ್ಲಿ ಮನೆಮನೆಯ ಪೈಪು ಗಟಾರ ದಾಟಿಯೇ ಒಳಗೆ ಬರುವುದು. ಕೆಲವು ಕಡೆ ಗಟಾರದ ನೀರಿನಲ್ಲೇ ಮುಳುಗಿಕೊಂಡಿರುತ್ತದೆ. ನೀರು ಬಿಟ್ಟ ಕೂಡಲೇ ಆ ಹೊಲಸೆಲ್ಲ ಮೊದಲು ನಮ್ಮ ಕೊಡಕ್ಕೇ ಬರುತ್ತದೆ.

ಮೊದಲು ಬಂದದ್ದನ್ನು ಚೆಲ್ಲಬೇಡಿ, ಬಚ್ಚಲ ಬ್ಯಾರೆಲ್ಲಿಗೆ ಬಿಡಿ. ಶೌಚಕ್ಕೆ, ಅಂಗಳ ತೊಳೆಯಲು ಅದು ಸಾಕು. ಕಣ್ಣಿಗೆ ತಿಳಿಯಾಗಿ ಕಂಡ ಮೇಲೂ ಇನ್ನಷ್ಟು ಹೊತ್ತು ಬಳಕೆಯ ನೀರೇ ತುಂಬಿಕೊಳ್ಳಿ, ಕುಡಿಯುವ ಕೊಡದ ಪಾಳಿ ನಡುವೆ ಬರಲಿ. ನಮ್ಮಲ್ಲಿ ನಡೆಯುವುದು ತಿರುಗುಮುರುಗು: ಎಲ್ಲಿ ನಿಂತುಬಿಡುತ್ತದೋ ಎಂಬ ಹೆದರಿಕೆಗೆ ಮೊದಲು ಕುಡಿಯುವುದನ್ನೇ ಹಿಡಿಯುತ್ತೇವೆ. ನೀರು ಸಣ್ಣಗಾಗಿ ನಿಲ್ಲುವ ಹೊತ್ತಿನದೂ ಕುಡಿಯಲು ಬೇಡ, ಆಗಲೂ ಒತ್ತಡ ಇಳಿದಿರುತ್ತದೆ.

ಇನ್ನು ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುವ ವಿಚಾರ. ಅದು ಕಾನೂನಿಗೆ ವಿರುದ್ಧ, ಪಕ್ಕದ ಮನೆಯವರ ಪಾಲು ಕಸಿದಂತೆ ಎಂಬುದೆಲ್ಲ ಎಲ್ಲರಿಗೂ ಗೊತ್ತು, ಆದರೂ ಹಚ್ಚುತ್ತಾರೆ. ಸ್ವಾರ್ಥದಿಂದಲೇ ಯೋಚಿಸೋಣ: ಮೋಟಾರ್ ಎಳೆಯುವುದು ಬರೀ ನೀರನ್ನಲ್ಲ, ಬಿರುಕಿನ ಹತ್ತಿರ ಏನು ನಿಂತಿದೆಯೋ ಅದನ್ನೂ. ಗಟಾರದ ನೀರನ್ನು ಕರೆಂಟ್ ಬಿಲ್ ಕೊಟ್ಟು ಮನೆಗೆ ಕರೆದುಕೊಂಡಂತಾಯಿತು. ಸಂಪಿಗೆ ತಾನಾಗಿ ಬಿದ್ದ ನೀರನ್ನು ಮೇಲಕ್ಕೆ ಎತ್ತಲು ಮೋಟಾರ್ ಬಳಸಿ, ನಳಕ್ಕೆ ಬೇಡ.

ಬಿಡುವಾದಾಗ ನಿಮ್ಮ ಮನೆಯ ಪೈಪು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಹಿಂಬಾಲಿಸಿ ನೋಡಿ. ಗಟಾರದೊಳಗೆ ಜೋಡಣೆ ಇದ್ದರೆ ಪ್ಲಂಬರ್‌ನನ್ನು ಕರೆಸಿ ಮೇಲಕ್ಕೆ ಎತ್ತಿಸಿ, ದಾಟುವ ಜಾಗದಲ್ಲಿ ಇನ್ನೊಂದು ದೊಡ್ಡ ಪೈಪಿನೊಳಗೆ ತೂರಿಸಿ. ಒಂದು ದಿನದ ಪಗಾರ, ನಾಲ್ಕು ಸಾಮಾನು, ಮುಗಿಯಿತು.

2. ಕುಡಿಯುವ ನೀರಿಗೆ ಬೇರೆ ಪಾತ್ರೆ, ಬೇರೆ ಕೈ

ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸುವುದು ನಮ್ಮ ಅವ್ವಂದಿರ ರೂಢಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದಾಗ ಕಾಲರಾ ಸುಮಾರು ಅರ್ಧದಷ್ಟು ಇಳಿದಿತ್ತು. ಒಗೆದೊಗೆದು ನೂಲು ಅರಳಿದ ಹಳೆಯ ಸೀರೆಯೇ ಹೊಸದಕ್ಕಿಂತ ಮೇಲು. ಆದರೆ ಅರಿವೆ ಸೋಸುವುದು ಕಸವನ್ನು, ಕಾಲರಾ ರೋಗಾಣು ಅಂಟಿಕೊಳ್ಳುವ ಸೂಕ್ಷ್ಮ ಜೀವಿಗಳನ್ನು. ಕಾಮಾಲೆಯ ವೈರಸ್ ಸೀರೆಯಲ್ಲಿ ನಿಲ್ಲುವುದಿಲ್ಲ.

ಸೋಸಿದ ನೀರನ್ನು ಕೆಡಿಸುವುದು ಕೈ. ಹರವಿಯಲ್ಲಿ ಚರಿಗೆ ಮುಳುಗಿಸಿ ಎತ್ತುವಾಗ ನಾಲ್ಕು ಬೆರಳೂ ನೀರಿಗೆ ಇಳಿಯುತ್ತವೆ. ಹೊರಗಿನಿಂದ ಆಡಿ ಬಂದ ಹುಡುಗ, ದನದ ಕೊಟ್ಟಿಗೆಯಿಂದ ಬಂದ ಅಜ್ಜ, ಕೂಸಿನ ಕುಂಡಿ ತೊಳೆದ ತಾಯಿ, ಎಲ್ಲರಿಗೂ ಅದೇ ಹರವಿ. ಕೆಳಗೆ ನಳವಿರುವ ಸ್ಟೀಲ್ ಪಾತ್ರೆ ಕೊಳ್ಳಿ. ಆಗದಿದ್ದರೆ ಉದ್ದ ಹಿಡಿಕೆಯ ಸೌಟೊಂದನ್ನು ಅದಕ್ಕೆಂದೇ ಮೊಳೆಗೆ ತೂಗುಹಾಕಿ. ತಾಮ್ರದ ಕೊಡದಲ್ಲಿ ರಾತ್ರಿಯಿಡೀ ಇಟ್ಟರೆ ರೋಗಾಣು ಕಡಿಮೆಯಾಗುವುದು ನಿಜ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

3. ಕುದಿಸಿ, ಇಲ್ಲವೇ ಕ್ಲೋರಿನ್ ಹಾಕಿ

ನೀರು ಕೊತಕೊತ ಕುದಿಯಲು ಹತ್ತಿದ ಮೇಲೆ ಒಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಕುದಿಸುವುದು ಗ್ಯಾಸಿಗೆ ದಂಡ. ಬೆಚ್ಚಗಾಗಿಸಿ ಇಳಿಸಿದರೆ ಮಾತ್ರ ಪ್ರಯೋಜನವಿಲ್ಲ. ಅದೇ ಪಾತ್ರೆಯಲ್ಲಿ ಮುಚ್ಚಿ ಆರಲು ಬಿಡಿ.

ಎಂಟು ದಿನದ ನೀರನ್ನು ಕುದಿಸುತ್ತ ಕೂರಲಾಗದು. ಅಂಥವರಿಗೆ ಬ್ಲೀಚಿಂಗ್ ಪೌಡರ್. 1000 ಲೀಟರ್ ತಿಳಿ ನೀರಿಗೆ ಸುಮಾರು 4 ಗ್ರಾಂ, ಅಂದರೆ ಸಪಾಟಾಗಿ ಒಂದು ಟೀ ಚಮಚ. ಪುಡಿಯನ್ನು ನೇರವಾಗಿ ಟಾಕಿಗೆ ಸುರಿಯಬೇಡಿ. ಒಂದು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಿ. ಅರ್ಧ ತಾಸು ಬಿಟ್ಟು ಮೂಸಿದರೆ ಸಣ್ಣಗೆ ಕ್ಲೋರಿನ್ ವಾಸನೆ ಇರಬೇಕು. “ನೀರು ಬ್ಲೀಚಿಂಗ್ ನಾತ ಹೊಡಿತೈತ್ರಿ” ಎಂದು ದೂರುವವರಿದ್ದಾರೆ. ಆ ತೆಳು ವಾಸನೆ ಒಳ್ಳೆಯ ಗುರುತು, ಕೊಲ್ಲುವ ಔಷಧ ಇನ್ನೂ ನೀರಿನಲ್ಲಿ ಉಳಿದಿದೆ ಎಂದರ್ಥ. ವಾಸನೆಯೇ ಇಲ್ಲದಿದ್ದರೆ ಒಂದೋ ನೀರು ಬಹಳ ಹೊಲಸು, ಇಲ್ಲವೇ ಪುಡಿ ಹಳತು. ಬಾಯಿ ಬಿಚ್ಚಿಟ್ಟ ಪೌಡರ್ ತಿಂಗಳುಗಳಲ್ಲಿ ಸತ್ವ ಕಳೆದುಕೊಂಡು ಬರೀ ಸುಣ್ಣವಾಗುತ್ತದೆ.

ರಾಡಿ ನೀರಿಗೆ ಕ್ಲೋರಿನ್ ಹಾಕಿದರೆ ಮಣ್ಣೇ ಅದನ್ನು ತಿಂದುಬಿಡುತ್ತದೆ. ಮಳೆಗಾಲದ ಕೆಂಪು ನೀರನ್ನು ಮೊದಲು ಪಟಿಕ ತಿರುವಿ ತಿಳಿ ಮಾಡಿ, ಸೋಸಿ, ಆಮೇಲೆ ಹಾಕಿ. ಕೊಡದ ಲೆಕ್ಕಕ್ಕೆ ಕ್ಲೋರಿನ್ ಗುಳಿಗೆಗಳೇ ಸುಲಭ. ಎಷ್ಟು ಲೀಟರಿಗೆ ಎಂಬುದು ಪಟ್ಟಿಯ ಮೇಲೆ ಇರುತ್ತದೆ, ಬೇರೆ ಬೇರೆ ಗುಳಿಗೆಗೆ ಬೇರೆ ಬೇರೆ ಅಳತೆ.

4. ಸಂಪು ತೊಳೆಯುವಾಗ ಜೀವದ ಮೇಲೆ ಎಚ್ಚರ

ಆರು ತಿಂಗಳಿಗೊಮ್ಮೆಯಾದರೂ ಸಂಪು ತೊಳೆಯಬೇಕು. ಎಲ್ಲರೂ ಹೇಳುವುದು ಹೇಗೆ ತಿಕ್ಕಬೇಕು ಎಂದು; ಅದಕ್ಕಿಂತ ಮುಖ್ಯ, ಇಳಿದವರು ಹತ್ತಿ ಬರುವುದು ಹೇಗೆ ಎಂಬುದು.

ಮೋಟಾರಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ತಿಂಗಳುಗಟ್ಟಲೆ ಮುಚ್ಚಿದ್ದ ಸಂಪಿನೊಳಗೆ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಮುಚ್ಚಳ ತೆಗೆದು ಕೆಲವು ತಾಸು ಬಿಡಿ, ಸಾಧ್ಯವಾದರೆ ಟೇಬಲ್ ಫ್ಯಾನಿನ ಗಾಳಿ ಒಳಗೆ ಹಾಯಿಸಿ. ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಲೇಬಾರದು, ಉರಿದರೂ ವಿಷಗಾಳಿ ಇಲ್ಲವೆಂದು ಗ್ಯಾರಂಟಿ ಇಲ್ಲ. ಮೇಲೆ ಇಬ್ಬರು ನಿಂತಿರಲಿ, ಇಳಿಯುವವರ ಸೊಂಟಕ್ಕೆ ಹಗ್ಗವಿರಲಿ. ಒಳಗಿನವರು ಕುಸಿದರೆ ಹಗ್ಗ ಎಳೆಯಿರಿ, 112ಕ್ಕೆ ಫೋನ್ ಮಾಡಿ. ಹಿಂದೆಯೇ ಇಳಿಯಬೇಡಿ. ಇಂಥ ದುರಂತಗಳಲ್ಲಿ ಎರಡನೆಯ, ಮೂರನೆಯ ಜೀವ ಹೋಗುವುದು ಎತ್ತಲು ಹೋದವರದು. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಸಂಪಿನೊಳಗೆ ಇಳಿಸಿ ನೀರು ಹೊರಹಾಕುವುದಂತೂ ಸಾವನ್ನೇ ಕರೆದಂತೆ.

ಕೆಸರು ಬಳಿದು, ಗೋಡೆ ತಿಕ್ಕಿ, ಮೇಲೆ ಬಂದ ನಂತರವೇ ಬ್ಲೀಚಿಂಗ್. 15 ಲೀಟರ್ ಬಕೆಟ್ಟಿಗೆ ಮೂರು ಟೀ ಚಮಚ ಪುಡಿ ಕಲಸಿ, ಉದ್ದ ಕೋಲಿನ ಬ್ರಷ್‌ನಿಂದ ಹೊರಗೆ ನಿಂತೇ ಗೋಡೆಗೆ ಹಚ್ಚಿ. ಅರ್ಧ ತಾಸು ಬಿಟ್ಟು ಸ್ವಚ್ಛ ನೀರಿನಿಂದ ತೊಳೆದು ಹೊರಹಾಕಿ. ಬ್ಲೀಚಿಂಗ್ ಜೊತೆ ಆ್ಯಸಿಡ್, ಪಾಯಖಾನೆ ತೊಳೆಯುವ ದ್ರಾವಣ ಯಾವುದನ್ನೂ ಸೇರಿಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಪುಪ್ಪುಸ ಸುಡುತ್ತದೆ.

ಮುಚ್ಚಳ ನೆಲಕ್ಕಿಂತ ನಾಲ್ಕು ಬೆರಳು ಎತ್ತರದ ಕಟ್ಟೆಯ ಮೇಲಿರಲಿ, ಅಂಗಳದ ನೀರು ಒಳಗೆ ಹೋಗದಂತೆ. ಕೀಲಿ ಇರಲಿ, ಮಕ್ಕಳಿರುವ ಮನೆಯಲ್ಲಿ ಇದಕ್ಕೆ ವಿನಾಯಿತಿಯೇ ಇಲ್ಲ. ನೀರು ಬಂದ ಗದ್ದಲದಲ್ಲಿ ಮುಚ್ಚಳ ತೆರೆದಿಟ್ಟು ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಲ್ಲುವ ಆ ಐದು ನಿಮಿಷವೇ ಅಪಾಯದ್ದು. ಒದ್ದೆ ಕಾಲಿನಲ್ಲಿ ಮೋಟಾರಿನ ಪೈಪು ಮುಟ್ಟುವ ಅಭ್ಯಾಸವಿದ್ದವರು ಮೀಟರ್ ಬೋರ್ಡಿನಲ್ಲಿ 30 ಮಿಲಿಆ್ಯಂಪಿನ ಆರ್‌ಸಿಸಿಬಿ ಹಾಕಿಸಿಕೊಳ್ಳಿ, ಕರೆಂಟ್ ಸೋರಿದ ಕ್ಷಣಕ್ಕೆ ಅದು ತಾನಾಗಿ ಕಡಿದುಬಿಡುತ್ತದೆ.

5. ಡೆಂಗಿ ಸೊಳ್ಳೆಯ ಲೆಕ್ಕ

ವಾರಕ್ಕೊಮ್ಮೆ ಎಲ್ಲ ಪಾತ್ರೆ ಖಾಲಿ ಮಾಡಿ ಒಣಗಿಸಿ ಎನ್ನುತ್ತಾರೆ ಆರೋಗ್ಯ ಇಲಾಖೆಯವರು. ಹತ್ತು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ನಿಂತು ಈ ಮಾತು ಹೇಳುವುದು ಕಷ್ಟ. ಖಾಲಿ ಮಾಡಲಾಗದಿದ್ದರೆ ಮುಚ್ಚಿ. ಬ್ಯಾರೆಲ್ಲಿನ ಬಾಯಿಗೆ ಅರಿವೆ ಬಿಗಿದು ಸೈಕಲ್ ಟ್ಯೂಬಿನ ಪಟ್ಟಿ ಹಾಕಿದರೆ ಸೊಳ್ಳೆ ಒಳಹೋಗದು. ಬರೀ ಹಲಗೆ ಮುಚ್ಚಿದರೆ ಸಂದಿ ಉಳಿಯುತ್ತದೆ. ಖಾಲಿಯಾದ ದಿನ ಒಳಗೋಡೆಯನ್ನು ತಿಕ್ಕಲೇಬೇಕು: ಈ ಸೊಳ್ಳೆಯ ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದ ಕೂಡಲೇ ಮರಿಯಾಗುತ್ತದೆ.

6. ಬೋರಿನ ನೀರಾದರೆ ದಾರಿಯೇ ಬೇರೆ

ಇಲ್ಲಿಯವರೆಗೆ ಹೇಳಿದ್ದು ಹೊಳೆ ನೀರಿಗೆ. ನಳ ಕೈಕೊಟ್ಟಾಗ ಬೋರಿನ ನೀರು ಕುಡಿಯುವವರು ನೋಡಬೇಕಾದದ್ದು ಫ್ಲೋರೈಡ್ ಮತ್ತು ನೈಟ್ರೇಟ್. ಮುಂಡರಗಿ ಸೀಮೆಯ ಹಲವು ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರ ಗಂಟುನೋವು ಹೊಸ ಸುದ್ದಿಯಲ್ಲ; ನೆಲದಡಿಯ ಬಂಡೆಯಿಂದಲೇ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಇದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತದೆ. ನೈಟ್ರೇಟ್ ಕೂಡ ಹಾಗೆಯೇ. ನೈಟ್ರೇಟ್ ಹೆಚ್ಚಿದ ನೀರಿನಲ್ಲಿ ಆರು ತಿಂಗಳೊಳಗಿನ ಕೂಸಿಗೆ ಡಬ್ಬಿ ಹಾಲು ಕಲಸಬಾರದು.

ಇಂಥ ನೀರಿಗೆ ಕರಗಿದ ಲವಣವನ್ನೂ ತೆಗೆಯುವ ಆರ್‌ಒ ಬೇಕು. ತುಂಗಭದ್ರೆ, ಮಲಪ್ರಭೆಯ ನೀರಿನಲ್ಲಿ ಕರಗಿದ ಲವಣ ಸಾಮಾನ್ಯವಾಗಿ ಲೀಟರಿಗೆ 500 ಮಿಲಿಗ್ರಾಂ ಒಳಗೇ ಇರುವುದರಿಂದ ಅದಕ್ಕೆ ಆರ್‌ಒ ಅಗತ್ಯವಿಲ್ಲ, ಸೋಸಿ ಯುವಿ (ನೇರಳಾತೀತ) ಬೆಳಕು ಹಾಯಿಸುವ ಯಂತ್ರ ಸಾಕು. ಆರ್‌ಒ ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ, ನಮ್ಮ ಊರಿಗೆ ಅದು ದುಬಾರಿ. ಮನೆಗೆ ಬರುವ ಮಾರಾಟಗಾರರ ಆಟವೊಂದಿದೆ. ಎರಡು ಲೋಟ ಇಟ್ಟು ಕರೆಂಟಿನ ಕಡ್ಡಿ ಇಳಿಸುತ್ತಾರೆ. ನಿಮ್ಮ ನಳದ ನೀರು ಕಂದುಗಟ್ಟಿ ಕೆಸರಾಗುತ್ತದೆ, ಆರ್‌ಒ ನೀರು ಹಾಗೆಯೇ ಇರುತ್ತದೆ. ಮನೆಮಂದಿಗೆಲ್ಲ ವಾಕರಿಕೆ. ಆ ಕೆಸರು ನೀರಿನದಲ್ಲ, ಕಡ್ಡಿಯ ಕಬ್ಬಿಣ ಕರಗಿದ್ದು. ಲವಣವಿದ್ದ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ. ಮುಂದಿನ ಸಲ ಬಂದಾಗ ಅವರದೇ ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕಡ್ಡಿ ಇಳಿಸಲು ಹೇಳಿ.

ನಾಣ್ಯ ಹಾಕುವ ಶುದ್ಧ ನೀರಿನ ಘಟಕದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕ್ಯಾನ್ ಹೊಲಸಿದ್ದರೆ ಮನೆ ಮುಟ್ಟುವಷ್ಟರಲ್ಲಿ ನೀರೂ ಹೊಲಸು.

7. ಸಂಶಯವಿದ್ದರೆ ಪರೀಕ್ಷೆ

ಅಗ್ಗದ ಪರೀಕ್ಷೆ ಎಂದರೆ ಎಚ್2ಎಸ್ ಬಾಟಲಿ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ಕಪ್ಪಗಾದರೆ ಮಲದ ಸೋಂಕಿನ ಶಂಕೆ ಬಲವಾಗಿದೆ ಎಂದು ತಿಳಿಯಿರಿ. ಹಳ್ಳಿಯವರು ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ನಿನ ಪರೀಕ್ಷಾ ಪೆಟ್ಟಿಗೆ ಕೇಳಬಹುದು. ಖಚಿತ ವರದಿ ಬೇಕೆಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯವಿದೆ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿ ತನ್ನಿ. ನಳವನ್ನು ಎರಡು ನಿಮಿಷ ಹರಿಯಲು ಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗಿಸದೆ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆರು ತಾಸಿನೊಳಗೆ ಮುಟ್ಟಿಸಿ.

ವರದಿ ಕೈಗೆ ಬಂದಾಗ ಉದ್ದ ಪಟ್ಟಿ ನೋಡಿ ಗಾಬರಿಯಾಗಬೇಡಿ. ಇ. ಕೊಲೈ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ. ನೈಟ್ರೇಟ್ 45. ನಳದ ನೀರಿನಲ್ಲಿ ಉಳಿದ ಕ್ಲೋರಿನ್ ಕನಿಷ್ಠ 0.2. ಭಾರತೀಯ ಮಾನಕ ಐಎಸ್ 10500 ಹೇಳುವುದು ಇದನ್ನು. ಗಡಸುತನ ಹೆಚ್ಚಿದ್ದರೆ ಬೇಳೆ ಬೇಯುವುದು ತಡ, ಸೋಪು ನೊರೆ ಕೊಡದು, ರೋಗ ಬರುವುದಿಲ್ಲ.

ಒಂದೇ ಓಣಿಯ ಎರಡು ಮೂರು ಮನೆಗಳಲ್ಲಿ ಒಟ್ಟಿಗೆ ವಾಂತಿ-ಭೇದಿ ಅಥವಾ ಕಾಮಾಲೆ ಕಾಣಿಸಿಕೊಂಡರೆ ವರದಿಗೆ ಕಾಯಬೇಡಿ. ಅದೇ ದಿನ ನಗರಸಭೆಗೂ ಆರೋಗ್ಯ ಕೇಂದ್ರಕ್ಕೂ ಬರೆದು ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಓಣಿಯಲ್ಲಿ ಗರ್ಭಿಣಿಯರಿದ್ದರೆ ಅವರ ಮನೆಗೆ ಮೊದಲು ಸುದ್ದಿ ಮುಟ್ಟಿಸಿ. ನೀರಿನಿಂದ ಹಬ್ಬುವ ಹೆಪಟೈಟಿಸ್ ಇ ಅವರ ಜೀವಕ್ಕೇ ಎರವಾಗಬಲ್ಲದು.