ನ್ಯೂಜೆರ್ಸಿಗೆ ಹೋಗುತ್ತಿದ್ದ ಗೇರುಬೀಜ

ಕಾರ್ಕಳದ ಹತ್ತಿರ ನಮ್ಮದೊಂದು ಗೇರುಬೀಜದ ಸಣ್ಣ ಫ್ಯಾಕ್ಟರಿ. ಅಪ್ಪನ ಕಾಲದ್ದು. ಹನ್ನೊಂದು ವರ್ಷ ನಮ್ಮ ರಫ್ತಿನ ಮಾಲೆಲ್ಲ ಹೋದದ್ದು ನ್ಯೂಜೆರ್ಸಿಯ ಒಬ್ಬನೇ ಗಿರಾಕಿಗೆ. ಒಳ್ಳೆಯ ಮನುಷ್ಯ. ಹೇಳಿದ ದಿನಕ್ಕೆ ಹಣ ಬರುತ್ತಿತ್ತು. ಬೇರೆ ಕಡೆ ಯಾಕೆ ನೋಡಬೇಕು ಅಂತ ಸುಮ್ನಿದ್ದೆ. ಸೋಮಾರಿತನ ಅಂದರೂ ತಪ್ಪಿಲ್ಲ.

2025ರ ಆಗಸ್ಟ್ 7ರಿಂದ ಅಮೆರಿಕ ನಮ್ಮ ಮಾಲಿಗೆ ಶೇ. 25 ಸುಂಕ ಹಾಕಿತು. ರಷ್ಯಾದ ತೈಲ ಕೊಳ್ಳುತ್ತೀರಿ ಅಂತ ಆಗಸ್ಟ್ 27ರಿಂದ ಅದರ ಮೇಲೆ ಇನ್ನೊಂದು 25. ಎಣ್ಣೆ ಕೊಂಡವರು ಯಾರೋ, ದಂಡ ಬಿದ್ದದ್ದು ಗೇರುಬೀಜಕ್ಕೆ!

ಆಗ ನನ್ನದೊಂದು ಕಂಟೇನರ್ ಸಮುದ್ರದ ಮೇಲಿತ್ತು. 700 ಬಾಕ್ಸ್, ಒಂದೊಂದರಲ್ಲೂ 22.68 ಕಿಲೋ. 27ರ ಮೊದಲೇ ಹಡಗು ಹತ್ತಿದ ಮಾಲಿಗೆ ಎರಡನೇ 25 ಇಲ್ಲ ಅಂದರು. ಆದರೆ ಸೆಪ್ಟೆಂಬರ್ 17ರ ಒಳಗೆ ಅಲ್ಲಿ ಬಿಡಿಸಿಕೊಂಡಾಗಿರಬೇಕು. ಮಂಗಳೂರಿನ ಪಣಂಬೂರು ಬಂದರಿನಿಂದ ಕೊಲಂಬೊ, ಅಲ್ಲಿ ದೊಡ್ಡ ಹಡಗಿಗೆ ಕಾಯುವುದು, ಆಮೇಲೆ ಆಫ್ರಿಕಾಕ್ಕೆ ಸುತ್ತು ಹಾಕಿ ಹೋಗುವುದು. ಮುಟ್ಟುವಾಗ ಅಕ್ಟೋಬರ್.

ಇಲ್ಲಿ ಒಂದು ಮಾತು. ಸುಂಕ ಕಟ್ಟುವುದು ನಾನಲ್ಲ, ಅಲ್ಲಿ ಮಾಲು ಬಿಡಿಸಿಕೊಳ್ಳುವವನು. ಆದರೆ ಕಟ್ಟಿದವನು ಸುಮ್ನಿರುತ್ತಾನಾ? ಅರ್ಧ ನೀವು ಹೊರಬೇಕು ಅಂದ. ಲೆಕ್ಕ ಹಾಕಿದೆ. ನನ್ನ 100 ಡಾಲರ್ ಮಾಲು ಅವನಿಗೆ 150 ಬೀಳುತ್ತಿತ್ತು. ವಿಯೆಟ್ನಾಮಿಗೆ ಆಗ ಸುಂಕ ಶೇ. 20, ಅಲ್ಲಿಯದು 120ಕ್ಕೇ ಸಿಗುತ್ತಿತ್ತು. ವಿಯೆಟ್ನಾಮಿನವರೂ ನಮ್ಮ ಹಾಗೆ ಐವರಿ ಕೋಸ್ಟ್, ಘಾನಾದ ಬೀಜವನ್ನೇ ತಂದು ಒಡೆಯುವವರು. ಬೀಜ ಅದೇ, ರುಚಿ ಅದೇ. ಮೂವತ್ತು ಡಾಲರ್ ಜಾಸ್ತಿ ಕೊಟ್ಟು ನನ್ನ ಮುಖ ನೋಡಿ ಯಾರು ಕೊಳ್ಳುತ್ತಾರೆ? ಆ ಕಂಟೇನರಿಗೆ ಅರ್ಧ ಹೊತ್ತೆ. ಮುಂದಿನದು ಹೋಗಲೇ ಇಲ್ಲ.

ಎಲ್ಲರೂ ದುಬೈ ಅಂದರು. ಯುಎಇ ನಮ್ಮ ಗೇರುಬೀಜದ ದೊಡ್ಡ ಗಿರಾಕಿ, 2022ರ ಮೇ ತಿಂಗಳಿನಿಂದ ಆ ದೇಶದ ಜೊತೆ ವ್ಯಾಪಾರ ಒಪ್ಪಂದವೂ ಇದೆ. ವಿಳಾಸ ಬದಲಾಯಿಸಿದರೆ ಆಯ್ತು ಅಂದುಕೊಂಡಿದ್ದೆ. ಅಲ್ಲೇ ಎಡವಿದ್ದು. ನ್ಯೂಜೆರ್ಸಿಯವನು ಕೊಳ್ಳುತ್ತಿದ್ದುದು ಡಬ್ಲ್ಯು-320 (ಒಂದು ಪೌಂಡಿಗೆ ಸುಮಾರು 320 ಇಡೀ ತಿರುಳು ಬರುವ ದರ್ಜೆ; ಸಂಖ್ಯೆ ಕಡಿಮೆಯಾದಷ್ಟೂ ತಿರುಳು ದೊಡ್ಡದು), ಜೊತೆಗೆ ಬೇಕರಿಗಳಿಗೆ ಹೋಗುವ ಹೋಳು ಮತ್ತು ಪುಡಿ. ದುಬೈಯವರು ಕೇಳಿದ್ದು ಡಬ್ಲ್ಯು-180, 210. ದೊಡ್ಡದು, ಬಿಳಿಯದು, ತಟ್ಟೆಯಲ್ಲಿಟ್ಟರೆ ಚಂದ ಕಾಣುವಂಥದ್ದು. ಬೀಜ ಒಡೆದರೆ ದೊಡ್ಡ ತಿರುಳು ಎಷ್ಟು ಸಿಕ್ಕೀತು? ಸ್ವಲ್ಪವೇ. ಉಳಿದದ್ದನ್ನು ಏನು ಮಾಡುವುದು?

ಉಳಿದದ್ದನ್ನು ಕೊಂಡದ್ದು ನಮ್ಮ ದೇಶವೇ. ದೀಪಾವಳಿ ಅಕ್ಟೋಬರ್ 20ಕ್ಕಿತ್ತು. ಬೆಂಗಳೂರು, ಹುಬ್ಬಳ್ಳಿಯ ಸಿಹಿತಿಂಡಿಯವರಿಗೆ ಹೋಳು ಬೇಕೇ ಬೇಕು. ಹನ್ನೊಂದು ವರ್ಷ ನಾನು ಅವರ ಫೋನಿಗೆ ಸರಿಯಾಗಿ ಉತ್ತರವನ್ನೂ ಕೊಟ್ಟವನಲ್ಲ. ಈಗ ನಾನೇ ಡಬ್ಬ ಹಿಡಿದು ಅವರ ಅಂಗಡಿಯ ಮೆಟ್ಟಿಲು ಹತ್ತಿದೆ. ಒಬ್ಬರು ನಕ್ಕು, "ಏನ್ರೀ, ಅಮೆರಿಕ ಕೈ ಬಿಟ್ಟಿತಾ?" ಅಂತ ಕೇಳಿದರು. ಚಹಾ ಕುಡಿಸಿ ಆರ್ಡರ್ ಕೊಟ್ಟರು, ಬೆಲೆಯಲ್ಲಿ ಮಾತ್ರ ಚೆನ್ನಾಗಿ ಹಿಂಡಿದರು.

ದುಬೈಯಲ್ಲಿ ಇನ್ನೊಂದು ತೊಂದರೆ. ಅಮೆರಿಕದ ದಾರಿ ಮುಚ್ಚಿದವರೆಲ್ಲ ಅಲ್ಲಿಗೇ ಓಡಿದ್ದೆವು. ಅವರಿಗೆ ಅದು ಗೊತ್ತಾಗದೆ ಇರುತ್ತದಾ? ಬೆಲೆ ಇಳಿಸಿದರು, 60 ದಿನ ಸಾಲ ಕೇಳಿದರು. ಮೊದಲ ಗಿರಾಕಿ ಮಾಲು ಇಳಿದ ಮೇಲೆ ತೇವ ಜಾಸ್ತಿ ಇದೆ ಅಂತ ತಗಾದೆ ತೆಗೆದು ಹಣ ಕತ್ತರಿಸಿದ. ಎಲ್‌ಸಿ (ಹಣಕ್ಕೆ ಬ್ಯಾಂಕು ಕೊಡುವ ಖಾತರಿ ಪತ್ರ) ಇಲ್ಲದೆ, ಬರಿಯ ಮಾತಿನ ಮೇಲೆ ಕಳಿಸಿದ್ದು ನನ್ನದೇ ತಪ್ಪು. ಎರಡನೆಯವನಿಗೆ ಇಸಿಜಿಸಿ ವಿಮೆ (ಗಿರಾಕಿ ಹಣ ಕೊಡದಿದ್ದರೆ ನಷ್ಟ ತುಂಬಿಕೊಡುವ ಸರ್ಕಾರಿ ಕಂಪನಿಯದು) ಮಾಡಿಸಿಯೇ ಕಳಿಸಿದೆ. ಹೊಸ ಗಿರಾಕಿಯ ವಿಷಯದಲ್ಲಿ ಈ ಖರ್ಚು ಉಳಿಸಲು ಹೋಗಬೇಡಿ ಮಾರಾಯ್ರೆ.

ಮೂಲ ಯಾವುದು ಅನ್ನುವ ಪ್ರಮಾಣಪತ್ರದ ಕತೆ ಇನ್ನೂ ಉದ್ದ. ಒಪ್ಪಂದದ ಲಾಭ ಬೇಕಾದರೆ ಮಾಲು ಭಾರತದ್ದು ಅಂತ ತೋರಿಸಬೇಕು. ಬೀಜ ಆಫ್ರಿಕಾದ್ದು, ಒಡೆದು ಸುಲಿದವರು ಕಾರ್ಕಳದ ಹೆಂಗಸರು. ಈಗ ಇದು ಯಾವ ದೇಶದ್ದು? ಒಂದೊಂದು ಒಪ್ಪಂದದಲ್ಲಿ ಒಂದೊಂದು ನಿಯಮ. ಅದಕ್ಕೆ ನಾನು ಊರಿನ ಬೀಜದ ರಾಶಿಯನ್ನೇ ಬೇರೆ ಮಾಡಿದೆ. ಬೇರೆ ಗೋಣಿ, ಬೇರೆ ಬೊರ್ಮಾ (ತಿರುಳು ಒಣಗಿಸುವ ಒಲೆ), ಬೇರೆ ಪುಸ್ತಕ. ರೈತರಿಂದ ಕೊಂಡ ಚೀಟಿಯನ್ನೂ ಜೋಪಾನ ಮಾಡುತ್ತೇವೆ. ಮೊದಲು ಅದನ್ನು ಬಿಸಾಡುತ್ತಿದ್ದೆವು.

ಜಪಾನಿಗೆ ದಾರಿ ಸಿಕ್ಕಿದ್ದು ಮಂಗಳೂರಿನ ಬಂದರಿನ ಒಬ್ಬ ದಲ್ಲಾಳಿಯಿಂದ. ಮೊದಲ ಸ್ಯಾಂಪಲ್ ತಿರಸ್ಕಾರ. ಎರಡು ತಿರುಳಿಗೆ ಸಾಸಿವೆಯಷ್ಟು ಕೆಂಪು ಸಿಪ್ಪೆ ಅಂಟಿತ್ತಂತೆ. ಫೋಟೋ ತೆಗೆದು, ಬಾಣದ ಗುರುತು ಹಾಕಿ ಕಳಿಸಿದ್ದರು. ಅದನ್ನು ಪೀಲಿಂಗ್ ಮೇಜಿನ ಹಿರಿಯಕ್ಕನಿಗೆ ತೋರಿಸಿದೆ. ಮೂವತ್ತು ವರ್ಷ ಸುಲಿದ ಕೈ ಅದು. ಕನ್ನಡಕ ಏರಿಸಿ ನೋಡಿದರು. "ಇವರು ತಿನ್ನಲಿಕ್ಕೆ ಕೊಳ್ಳುವುದಾ ಧಣಿ, ನೋಡಲಿಕ್ಕಾ?" ಅಂದರು. ಮರುದಿನ ಅವರೇ ಕಿಟಕಿಯ ಬಳಿ ಬೆಳಕಿಗೆ ಇನ್ನೊಂದು ಮೇಜು ಹಾಕಿಸಿದರು. ಆರು ಜನ, ಎರಡನೇ ಸಲ ಆರಿಸುವುದಷ್ಟೇ ಕೆಲಸ. ಕೂಲಿ ಖರ್ಚು ಏರಿತು. ಮೂರನೇ ಸ್ಯಾಂಪಲ್ ಪಾಸಾಯಿತು. ಮೊದಲ ಆರ್ಡರ್ 100 ಬಾಕ್ಸ್, ಅದೂ ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರಿನಲ್ಲಿ. ಲಾಭ ಏನೂ ಇಲ್ಲ.

'ಭಾರತ ಹೊಸ ಮಾರುಕಟ್ಟೆ ಹುಡುಕುತ್ತಿದೆ' ಅಂತ ಪೇಪರಿನಲ್ಲಿ ಓದುವಾಗ ನನಗೆ ಆ ಕಿಟಕಿ ಬದಿಯ ಮೇಜು ನೆನಪಾಗುತ್ತದೆ. ಸರ್ಕಾರ ಬ್ರಿಟನ್ ಜೊತೆ 2025ರ ಜುಲೈ 24ಕ್ಕೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು, ಒಳ್ಳೆಯದೇ. ಆದರೆ ಸಹಿ ಬಾಗಿಲು ತೆರೆಯುತ್ತದೆ, ಒಳಗೆ ಹೋಗಿ ಚೌಕಾಸಿ ಮಾಡುವುದು ನಾವೇ ಅಲ್ವಾ? ಪಣಂಬೂರಿನ ಬಂದರಿಗೂ ಇದು ಹೊಸತಲ್ಲ. ಕುದುರೆಮುಖದ ಅದಿರಿನ ಮೇಲೆ ನಿಂತಿದ್ದ ಬಂದರು ಅದು. 2005ರ ಕೊನೆಗೆ ಗಣಿ ನಿಂತಿತು. ಬಂದರು ಮುಚ್ಚಲಿಲ್ಲ, ಬೇರೆ ಸರಕು ಹುಡುಕಿಕೊಂಡಿತು.

ನವೆಂಬರ್ 14ಕ್ಕೆ ಅಮೆರಿಕ ಕಾಫಿ, ಚಹಾ, ಮಸಾಲೆ ಪದಾರ್ಥಗಳನ್ನು ಈ ಹೊಸ ಸುಂಕದಿಂದ ಬಿಟ್ಟಿತು. ಪಟ್ಟಿಯಲ್ಲಿ ಗೇರುಬೀಜವೂ ಇತ್ತು. ಎರಡೇ ದಿನಕ್ಕೆ ನ್ಯೂಜೆರ್ಸಿಯಿಂದ ಫೋನ್. ಮೊದಲಿನ ಹಾಗೇ ಶುರು ಮಾಡೋಣವಾ ಅಂತ ಕೇಳಿದ. ಬೇಡ ಅನ್ನಲಿಲ್ಲ. ರಂಜಾನ್ ಫೆಬ್ರವರಿಯಲ್ಲಿ ಬರುತ್ತದೆ, ದುಬೈಯ ಜೆಬೆಲ್ ಅಲಿ ಬಂದರಿಗೆ ಮಾಲು ಡಿಸೆಂಬರಿನಲ್ಲೇ ಹಡಗು ಹತ್ತಬೇಕು, ಅದು ಮುಗಿದ ಮೇಲೆ ಒಂದು ಕಂಟೇನರ್ ಕೊಡುತ್ತೇನೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಂದೇನಾ?" ಅಂದ.