ಬಜ್ಪೆಯಿಂದ ಹುಬ್ಬಳ್ಳಿಗೆ ಎಷ್ಟು ದೂರ? ನೀವೇ ಲೆಕ್ಕ ಹಾಕಿ

ಮಂಗಳೂರಿನಿಂದ ಹುಬ್ಬಳ್ಳಿ ಎಷ್ಟು ದೂರ ಎಂದರೆ ಬಸ್ಸಿನವರ ಲೆಕ್ಕ ಒಂದು, ವಿಮಾನದವರ ಲೆಕ್ಕ ಇನ್ನೊಂದು. ಇಬ್ಬರೂ ಸರಿಯೇ. ಕಾರವಾರದ ಕಡೆ ಹೋಗುವ ಹೆದ್ದಾರಿ ಹಿಡಿದು, ಅಂಕೋಲದಲ್ಲಿ ತಿರುಗಿ, ಅರಬೈಲು ಘಾಟಿ ಹತ್ತಿ ಹೋದರೆ 350 ಕಿ.ಮೀ. ದಾಟುತ್ತದೆ. ವಿಮಾನದ ದೂರ ತಿಳಿಯಲು ಪೆನ್ನು, ಕಾಗದ ಸಾಕು.

ಮೊದಲು ಫೋನಿನ ಮ್ಯಾಪ್‌ನಲ್ಲಿ ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ನೋಡಿ. ಬಜ್ಪೆ ಹತ್ತಿರದ ಗುಡ್ಡದ ಮೇಲಿನ ಮಂಗಳೂರು ನಿಲ್ದಾಣದ್ದು 12 ಡಿಗ್ರಿ 58 ನಿಮಿಷ. ಹುಬ್ಬಳ್ಳಿ ಗೋಕುಲ ರಸ್ತೆಯ ನಿಲ್ದಾಣದ್ದು 15 ಡಿಗ್ರಿ 22 ನಿಮಿಷ. ಕಳೆಯಿರಿ: 2 ಡಿಗ್ರಿ 24 ನಿಮಿಷ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ ಒಟ್ಟು 144. ಇದು ಗಡಿಯಾರದ ನಿಮಿಷ ಅಲ್ಲ, ಮತ್ತೆ! ಉತ್ತರ–ದಕ್ಷಿಣವಾಗಿ ಇಂಥ ಒಂದು ನಿಮಿಷ ಎಂದರೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ, 1.852 ಕಿ.ಮೀ. ಗುಣಿಸಿದರೆ ಸುಮಾರು 267 ಕಿ.ಮೀ.

ರೇಖಾಂಶ ಬಿಟ್ಟೆವಲ್ಲ ಎನ್ನಬೇಡಿ. ಹುಬ್ಬಳ್ಳಿ ಮಂಗಳೂರಿಗಿಂತ ಪೂರ್ವಕ್ಕೆ 21 ಕಿ.ಮೀ.ಯಷ್ಟೇ ಸರಿದಿದೆ. ಶಾಲೆಯ ಲಂಬಕೋನ ತ್ರಿಭುಜ ನೆನಪಿದೆ ಅಲ್ವಾ? ಅದರಲ್ಲಿ ಹಾಕಿ ನೋಡಿದರೆ ಒಂದು ಕಿ.ಮೀ. ಕೂಡ ಹೆಚ್ಚುವುದಿಲ್ಲ. ಮಂಗಳೂರು–ಬೆಂಗಳೂರಿಗೆ ಮಾತ್ರ ಈ ಸುಲಭದ ಲೆಕ್ಕ ನಡೆಯದು. ಅದು ಪೂರ್ವ–ಪಶ್ಚಿಮದ ದಾರಿ.

ಈಗ ಸಮಯ. ಚಿಕ್ಕ ಊರುಗಳ ನಡುವೆ ಹಾರುವ ‘ಎಟಿಆರ್ 72’ ಎಂಬ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಭಾಗಿಸಿದರೆ 32 ನಿಮಿಷ. ಆದರೆ ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ರನ್‌ವೇವರೆಗೆ ತೆವಳಬೇಕು, ಇಳಿಯುವ ದಿಕ್ಕಿಗೆ ಸುತ್ತು ಹಾಕಬೇಕು. ಅದಕ್ಕೇ 25–30 ನಿಮಿಷ ಕೂಡಿಸಿ, ಒಂದು ಗಂಟೆ ಎಂದು ಬರೆದುಕೊಳ್ಳಿ.

ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ನಾನೂ ಒಮ್ಮೆ ಹಾಗೇ ಮಾಡಿ, ಮದುವೆ ಮನೆಗೆ ತಲುಪುವಾಗ ಎಲೆ ಎತ್ತಿಯಾಗಿತ್ತು. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹಾಗಾಗಿ ನಿಲ್ದಾಣದಲ್ಲಿ ಒಂದೂವರೆ ಗಂಟೆ ಹಿಡಿಯಿರಿ. ಮಂಗಳೂರು ಪೇಟೆಯಿಂದ ಗುಡ್ಡ ಹತ್ತಲು ಮುಕ್ಕಾಲು ಗಂಟೆ, ಹುಬ್ಬಳ್ಳಿಯಲ್ಲಿ ಬ್ಯಾಗು ಹಿಡಿದು ಮನೆ ಸೇರಲು ಇನ್ನೊಂದು ಮುಕ್ಕಾಲು. ಒಟ್ಟು ನಾಲ್ಕು ಗಂಟೆ. ಬಸ್ಸಿಗೆ ಏಳೆಂಟು.

ಟಿಕೆಟ್ ತೆಗೆಯುವ ಮುನ್ನ ನೇರ ವಿಮಾನವೇ ಎಂದು ನೋಡಿ. ಬೆಂಗಳೂರು ಸುತ್ತಿ ಹೋದರೆ 306 ಮತ್ತು 370, ಅಂದರೆ 676 ಕಿ.ಮೀ. ಅಲ್ಲಿ ಎರಡು ಗಂಟೆ ಕಾದರೆ ಬಸ್ಸಿನಷ್ಟೇ ಹೊತ್ತು ಹಿಡಿಯುತ್ತದೆ. ನೇರ ವಿಮಾನ ಇಲ್ಲದ ದಿನ ನಾನಂತೂ ಸುಮ್ನೆ ರಾತ್ರಿ ಬಸ್ಸು ಹತ್ತಿ ಮಲಗಿಬಿಡುತ್ತೇನೆ.