ಕೆರೆ ಯಾವ ಸುತ್ತಿಗೆ ಸೇರುತ್ತದೆ?

ನಾಲ್ಕು–ಐದನೇ ತರಗತಿಗೆ ಪ್ರಾಕೃತಿಕ ಮತ್ತು ಮಾನವ ನಿರ್ಮಿತ ಲಕ್ಷಣಗಳ ಪಾಠವನ್ನು ನಾನು ಅಂಗಳದಿಂದಲೇ ಶುರು ಮಾಡುವುದು. ಸೀಮೆಸುಣ್ಣದಲ್ಲಿ ಎರಡು ದೊಡ್ಡ ಸುತ್ತು, ಕೈಯಲ್ಲಿ 24 ಚೀಟಿ: ಗುಡ್ಡ, ಹಳ್ಳ, ಬಂಡೆ, ಬಾವಿ, ಸೇತುವೆ, ಗದ್ದೆ, ನೀಲಗಿರಿ ತೋಪು, ಕೆರೆ... ಎಲ್ಲವೂ ಮಕ್ಕಳು ಕಂಡಿರುವಂಥವೇ ಆಗಿರಬೇಕು.

‘ಇದನ್ನು ಮಾಡಿದ್ದು ಯಾರು?’ ಎಂದು ಕೇಳಬೇಡಿ. ಗುಡ್ಡಕ್ಕೂ ಗದ್ದೆಗೂ ‘ದೇವರು’ ಎಂಬ ಒಂದೇ ಉತ್ತರ ಬರುತ್ತದೆ. ‘ಇಲ್ಲಿ ಜನರೇ ಬಂದಿರದಿದ್ದರೆ ಇದು ಇರುತ್ತಿತ್ತಾ?’ ಎಂದರೆ ಯೋಚನೆ ಶುರುವಾಗುತ್ತದೆ. ಹಸಿರಾಗಿರುವುದೆಲ್ಲ ಪ್ರಕೃತಿ ಎಂದುಕೊಂಡು ಗದ್ದೆ, ತೋಪುಗಳನ್ನು ತಪ್ಪು ಸುತ್ತಿಗೆ ಹಾಕಿದವರು ಆ ಪ್ರಶ್ನೆಗೆ ತಾವೇ ಚೀಟಿ ತೆಗೆದು ಆಚೆ ಇಡುತ್ತಾರೆ.

ಕೆರೆ ಮಾತ್ರ ಹಾಗಲ್ಲ. ನೀರಿದೆ, ಮೀನಿದೆ, ಕೊಕ್ಕರೆ ಇದೆ. ಅದು ಪ್ರಕೃತಿಯೇ ಎಂದು ಹಟ ಹಿಡಿಯುತ್ತಾರೆ. ಬಾಯಿಮಾತಿನಲ್ಲಿ ತಿದ್ದಿ ಪ್ರಯೋಜನವಿಲ್ಲ, ಕಟ್ಟಿಸಿಯೇ ತೋರಿಸಬೇಕು.

ಒದ್ದೆ ಕೆಮ್ಮಣ್ಣಿನಲ್ಲಿ ಗೇಣೆತ್ತರದ ಎರಡು ದಿಬ್ಬ, ನಡುವೆ ಇಳಿಜಾರು. ಒಂದು ತಂಬಿಗೆ ನೀರು ಸುರಿದರೆ ಹಳ್ಳದಂತೆ ಹರಿದುಹೋಗುತ್ತದೆ. ಆಮೇಲೆ ಅಡ್ಡಲಾಗಿ ಏರಿ ಹಾಕಿಸಿ. ಬುಡ ಅಗಲ, ತಲೆ ಕಿರಿದು. ಅಂಗೈಯಲ್ಲಿ ತಟ್ಟಿ ಬಿಗಿ ಮಾಡಬೇಕು. ಬರೀ ಮರಳಾದರೆ ನೀರು ಜಿನುಗಿ ಏರಿ ಕುಸಿಯುತ್ತದೆ. ಖಾಲಿ ಪೆನ್ನಿನ ಕೊಳವೆಯನ್ನು ಏರಿಯ ಬುಡದಲ್ಲಿ ಹೂತು ಬಟ್ಟೆಯ ಬಿರಡೆ ಹಾಕಿದರೆ ಅದೇ ತೂಬು. ಮೊದಲ ಸಲ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ಬಿಡಿಸಬೇಡಿ. ನೀರು ಏರಿಯ ಮೇಲೆ ಹತ್ತಿ ಹರಿದು ಕಟ್ಟೆ ಕೊಚ್ಚಿಹೋಗುವುದನ್ನು ಅವರು ಕಣ್ಣಾರೆ ನೋಡಲಿ. ಎರಡನೇ ಸಲ ಒಂದು ಬದಿಯಲ್ಲಿ ಎರಡು ಬೆರಳು ತಗ್ಗಿಸಿ, ಹೆಂಚಿನ ಚೂರು ಹಾಸಿ ಕೋಡಿ ಮಾಡಿಸಿ.

ಈಗ ಎರಡು ಸುತ್ತುಗಳೂ ಒಂದರ ಮೇಲೊಂದು ಹಾಯುವಂತೆ ಬರೆಯುತ್ತೇನೆ. ಕಣಿವೆ, ಮಳೆ ಪ್ರಕೃತಿಯವು. ಏರಿ, ತೂಬು, ಕೋಡಿ ಜನರವು. ಕೆರೆ ನಡುವಿನ ಪಾಲಿಗೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯೂ ಗುಡ್ಡಗಳ ನಡುವೆ ಏರಿ ಕಟ್ಟಿ ಆದದ್ದೇ. ಐದನೆಯವರಿಗೆ ಜೋಗವನ್ನೂ ಕೊಡುತ್ತೇನೆ: 253 ಮೀಟರ್ ಪ್ರಪಾತ ಪ್ರಕೃತಿಯದು, ಆದರೆ ಅಲ್ಲಿಗೆ ಎಷ್ಟು ನೀರು ಬರಬೇಕೆಂಬುದು ಮೇಲಿರುವ ಲಿಂಗನಮಕ್ಕಿ ಅಣೆಕಟ್ಟೆಯ ಕೈಯಲ್ಲಿದೆ.

ಪರೀಕ್ಷೆಗೆ ಪಟ್ಟಿ ಬರೆಸುವುದಿಲ್ಲ. ಬಾಯಿಪಾಠ ಮಾಡಿದವರೂ ಅದನ್ನು ಸರಿಯಾಗಿಯೇ ಬರೆಯುತ್ತಾರೆ. ಊರಿನ ನಕ್ಷೆ ಬಿಡಿಸಿ ಪ್ರಾಕೃತಿಕಕ್ಕೆ ಹಸಿರು, ಮಾನವ ನಿರ್ಮಿತಕ್ಕೆ ಕೆಂಪು ಹಚ್ಚಲು ಹೇಳುತ್ತೇನೆ. ಇಡೀ ಕೆರೆಗೆ ಹಸಿರನ್ನೇ ಬಳಿದವರನ್ನು ಮರುದಿನ ಊರ ಕೆರೆಯ ಏರಿಯ ಮೇಲೆ ನಡೆಸಿ, ತೂಬಿನ ಕಲ್ಲು ಮುಟ್ಟಿಸಿ ಕರೆತರುತ್ತೇನೆ.